ಕರೀಂ ಸಾಬರ ಎಡಗೈ ಹೆಬ್ಬೆಟ್ಟು

ದೆವ್ವ, ಪವಾಡ ಎಂದು ಮಾತು ತೆಗೆಯುವವರ ಜೊತೆ ಜಗಳಕ್ಕೇ ನಿಲ್ಲುತ್ತಿದ್ದವನು ನಾನು. ಸಾಲಿಗ್ರಾಮದ ನಮ್ಮ ಮನೆಯಲ್ಲಿ ಹೆಂಗಸರು ಇಂಥ ಕತೆ ಶುರುಮಾಡಿದರೆ ಎದ್ದು ಹೊರಗೆ ಹೋಗುತ್ತಿದ್ದೆ. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಕಣ್ಣಾರೆ ಕಂಡದ್ದನ್ನು ಕಂಡಿಲ್ಲ ಎನ್ನುವುದೂ ನನ್ನಿಂದಾಗದು. ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನನಗೆ ಸಿಟ್ಟಿರುವುದು ಬೇರೆ ಕಾರಣಕ್ಕೆ.

ಆಗಿನ್ನೂ ಮಹಾರಾಜರ ಆಳ್ವಿಕೆ. ಹುಣಸೂರಿನ ಕಡೆ ಒಂದು ಕಚೇರಿಯಲ್ಲಿ ನಾನು ಗುಮಾಸ್ತನಾಗಿದ್ದೆ. ಯಾವ ಕಚೇರಿ ಎಂದು ಹೇಳುವುದಿಲ್ಲ. ಪರದೇಶಕ್ಕೆ ಹೋಗುವವರ ಅರ್ಜಿ ನಮ್ಮ ಮೂಲಕವೇ ಬೆಂಗಳೂರಿಗೆ ಹೋಗಬೇಕಿತ್ತು. ವರ್ಷಕ್ಕೆ ಒಂದೆರಡು ಬಂದರೆ ಹೆಚ್ಚು. ಅವೂ ಮೆಕ್ಕಾ ಯಾತ್ರೆಯವು.

ಆ ವರ್ಷ ಬಂದವರು ಕರೀಂ ಸಾಬರು. ಎತ್ತಿನ ಗಾಡಿಯ ಚಕ್ರ ಮಾಡುವುದರಲ್ಲಿ ಅವರದು ಎತ್ತಿದ ಕೈ. ಪಿರಿಯಾಪಟ್ಟಣ, ಹಂಪಾಪುರದ ರೈತರೂ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ವಯಸ್ಸು ಅರವತ್ತು ದಾಟಿತ್ತು. ಓದುಬರಹ ಬಾರದು. ಹನ್ನೆರಡು ವರ್ಷದ ಹಿಂದೆ ಮರ ಕೆತ್ತುವಾಗ ಬಾಚಿ ಜಾರಿ ಎಡಗೈ ಹೆಬ್ಬೆರಳು ಬುಡಸಮೇತ ಹೋಗಿತ್ತು.

ಕಚೇರಿಯವರು ಭಾವಚಿತ್ರ ಬೇಕೆಂದರು, ಸಾಬರು ಮೈಸೂರಿಗೆ ಹೋಗಿ ತೆಗೆಸಿಕೊಂಡು ಬಂದರು. ಸಿಡುಬಿಗೂ ಕಾಲರಾಕ್ಕೂ ಸೂಜಿ ಹಾಕಿಸಿದ ಚೀಟಿ ಬೇಕೆಂದರು, ಅದೂ ಆಯಿತು. ಅರ್ಜಿ ಬರೆದವನು ನಾನೇ. ಗುರುತಿನ ಚಿಹ್ನೆ ಎಂಬಲ್ಲಿ 'ಎಡಗೈ ಹೆಬ್ಬೆರಳು ಇಲ್ಲ' ಎಂದು ತುಂಬಿ, ಕೆಳಗೆ ಬಲಗೈ ಹೆಬ್ಬೆಟ್ಟು ಒತ್ತಿಸಿ ಶಿರಸ್ತೇದಾರರ ಮುಂದಿಟ್ಟೆ. ಅವರು ಕೆಂಪು ಮಸಿಯಲ್ಲಿ ಅಡ್ಡಗೆರೆ ಎಳೆದರು.

"ಓದು ಬಾರದವರು ಎಡಗೈ ಹೆಬ್ಬೆಟ್ಟು ಒತ್ತತಕ್ಕದ್ದು ಅಂತ ರೂಲಿದೆ. ಬೇರೆ ಫಾರಂ ಬರೀರಿ."

"ಇಲ್ಲದ ಬೆರಳನ್ನ ಎಲ್ಲಿಂದ ತರೋದು ಸಾರ್?"

"ಅದು ಅರ್ಜಿದಾರರ ಕೆಲಸ ಕಣ್ರೀ, ನಂದಲ್ಲ."

ಮೂರು ವಾರ ಸಾಬರು ದಿನಾ ಬಂದು ಜಗುಲಿಯ ಮೇಲೆ ಕೂತು ಎದ್ದುಹೋದರು. ಒಂದು ದಿನವೂ ದನಿ ಏರಿಸಲಿಲ್ಲ. ಕುದಿಯುತ್ತಿದ್ದವನು ನಾನು. ಹಡಗು ಹೊರಡುವ ಹೊತ್ತು ಹತ್ತಿರವಾಯಿತು. ಮರುದಿನದ ಟಪಾಲು ತಪ್ಪಿದರೆ ಆ ವರ್ಷದ ಯಾತ್ರೆ ಮುಗಿದ ಹಾಗೆ. ಆ ಸಂಜೆ ಹೊಸ ಫಾರಂ ತುಂಬಿದೆ. ಹೆಬ್ಬೆಟ್ಟಿನ ಜಾಗ ಮಾತ್ರ ಖಾಲಿ. ನನ್ನ ಹೆಬ್ಬೆರಳನ್ನೇ ಒತ್ತಿಬಿಡೋಣ ಎಂದುಕೊಂಡೆ. ಕೆಲಸ ಹೋದೀತೆಂದು ಹೆದರಿದೆ. ಫಾರಮ್ಮನ್ನು ನನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಎಂದಿನಂತೆ ಜನಿವಾರಕ್ಕೆ ಕಟ್ಟಿಕೊಂಡು ಮನೆಗೆ ಹೋದೆ.

ಬೆಳಿಗ್ಗೆ ಕಚೇರಿಗೆ ಮೊದಲು ಬಂದವನು ನಾನು. ಬೀಗ ಹಾಕಿದಂತೆಯೇ ಇತ್ತು. ಪೆಟ್ಟಿಗೆ ತೆಗೆದರೆ, ಖಾಲಿ ಬಿಟ್ಟಿದ್ದ ಜಾಗದಲ್ಲಿ ಹೆಬ್ಬೆಟ್ಟು ಮೂಡಿತ್ತು. ಮುಟ್ಟಿದೆ, ನೇರಳೆ ಮಸಿ ಬೆರಳಿಗೆ ಹತ್ತಿತು, ಇನ್ನೂ ಆರಿರಲಿಲ್ಲ. ಹೆಬ್ಬೆಟ್ಟಿನ ನಡುವೆ ಓರೆಯಾಗಿ ಒಂದು ಹಳೆಯ ಗಾಯದ ಗೆರೆ. ನನ್ನ ಎರಡು ಹೆಬ್ಬೆರಳನ್ನೂ ತಿರುಗಿಸಿ ತಿರುಗಿಸಿ ನೋಡಿಕೊಂಡೆ. ಅಂಥ ಗೆರೆ ನನ್ನಲ್ಲಿಲ್ಲ.

ಜಗುಲಿಗೆ ಬಂದ ಸಾಬರಿಗೆ ತೋರಿಸಿದೆ. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇದು ನನ್ ಬೆಳ್ಳೇ ಕಣ್ ಸ್ವಾಮಿ. ಚಿಕ್ಕಂದ್ರಲ್ಲಿ ಕುಡ್ಲು ತಾಗಿದ್ ಗೆರೆ" ಎಂದು ಹೇಳಿ, ಎಡಗೈಯನ್ನು ಹೆಗಲ ವಸ್ತ್ರದೊಳಗೆ ಮುಚ್ಚಿಕೊಂಡರು.

ಶಿರಸ್ತೇದಾರರು ಫಾರಂ ನೋಡಿದರು. ಮೇಲಿನ ಸಾಲಿನಲ್ಲಿ ಹೆಬ್ಬೆರಳು ಇಲ್ಲ ಎಂದಿದೆ, ಕೆಳಗೆ ಅದೇ ಹೆಬ್ಬೆರಳಿನ ಗುರುತಿದೆ. ಎರಡನ್ನೂ ಓದಿದರು. "ಈಗ ಸರಿಯಾಯ್ತು ನೋಡಿ" ಎಂದು ರುಜು ಹಾಕಿದರು. ಎಲ್ಲ ಜಾಗವೂ ತುಂಬಿತ್ತು, ಅವರಿಗೆ ಅಷ್ಟೇ ಸಾಕಾಗಿತ್ತು. ಬೆಂಗಳೂರಿನಲ್ಲೂ ಯಾರೂ ಕೇಳಲಿಲ್ಲ. ಪಾಸ್‌ಪೋರ್ಟ್ ಬಂತು. ಸಾಬರನ್ನು ಕಳಿಸಿಕೊಡಲು ಬೀದಿಗೆ ಬೀದಿಯೇ ಸೇರಿತ್ತು. ನಾನೂ ದೂರ ನಿಂತು, ಯಾರಿಗೂ ಕಾಣದ ಹಾಗೆ ಕೈಮುಗಿದೆ.

ಇಪ್ಪತ್ತು ದಿನ ಕಳೆದಿರಲಿಲ್ಲ, ಸಾಬರು ಮತ್ತೆ ತಮ್ಮ ಕೊಟ್ಟಿಗೆಯಲ್ಲಿ ಕೂತು ಮರ ಕೆತ್ತುತ್ತಿದ್ದರು.

ಬಂದರಿನಲ್ಲಿ ಗಂಟು ಬಿಚ್ಚಿಸಿ ನೋಡಿದರಂತೆ. ಯಾತ್ರೆಗೆ ಉಡುವ ಬಿಳಿ ಬಟ್ಟೆ, ಕಂಬಳಿ, ಉಪ್ಪಿನಕಾಯಿ ಜಾಡಿ, ಯಾವುದಕ್ಕೂ ಅಡ್ಡಿಯಿರಲಿಲ್ಲ. ಆಮೇಲೆ ಒಬ್ಬ ಅಧಿಕಾರಿ, ಕಾಗದದಲ್ಲಿರುವ ಗುರುತಿನ ಜೊತೆ ಹೋಲಿಸಿ ನೋಡಬೇಕು, ಎಡಗೈ ಹೆಬ್ಬೆಟ್ಟು ಒತ್ತು ಎಂದನಂತೆ. ಸಾಬರು ನಾಲ್ಕು ಬೆರಳಿನ ಕೈ ಚಾಚಿದರು. ಭಾವಚಿತ್ರ ಹೋಲಿದರೂ, ಹೆಬ್ಬೆರಳಿಲ್ಲ ಎಂದು ಬರೆದಿದ್ದರೂ, ಹೆಬ್ಬೆಟ್ಟು ಒತ್ತಿದೆ ಎಂದ ಮೇಲೆ ಇದು ಹೆಬ್ಬೆರಳಿರುವವನ ಪಾಸ್‌ಪೋರ್ಟ್, ನಿನ್ನದಲ್ಲ ಎಂದು ಕಿತ್ತುಕೊಂಡರು. ಅವರು ಕಟ್ಟೆಯ ಮೇಲೆ ನಿಂತಿದ್ದಂತೆಯೇ ಹಡಗು ಹೊರಟುಹೋಯಿತು.

ನಾನು ನೇರ ಕಚೇರಿಗೆ ಹೋಗಿ, ಹುಟ್ಟಿದಂದಿನಿಂದ ಆಡದ ಮಾತೆಲ್ಲ ಶಿರಸ್ತೇದಾರರಿಗೆ ಆಡಿದೆ. ಅವರು ಕನ್ನಡಕ ಒರೆಸಿಕೊಂಡು, "ಬಂದರಿನವರು ಹೇಳಿದ್ದು ಸರೀನೇ ಅಲ್ವೇನ್ರೀ?" ಎಂದರು. ಆ ಮಾತಿನಲ್ಲಿ ತಪ್ಪು ಹುಡುಕಲಾಗದೆ ನನ್ನ ಸಿಟ್ಟು ಇನ್ನೂ ಏರಿತು. ಇವತ್ತಿಗೂ ಇಳಿದಿಲ್ಲ. ಅದರಲ್ಲಿ ಒಂದು ಪಾಲು ನನ್ನ ಮೇಲೆಯೇ ಇದೆ. ಆ ಫಾರಮ್ಮನ್ನು ಕಣ್ಣಾರೆ ನೋಡಿಯೂ ನಾನೇ ಟಪಾಲಿಗೆ ಹಾಕಿದ್ದೆ.

ವರ್ಗ ಕೇಳಿಕೊಂಡು ಕೃಷ್ಣರಾಜನಗರಕ್ಕೆ ಹೋದೆ. ಹೊರಡುವ ಮುಂಚೆ ಸಾಬರನ್ನು ಕಾಣಲು ಹೋಗಿದ್ದೆ. ಮತ್ತೆ ಅರ್ಜಿ ಹಾಕೋಣ ಎಂದೆ. ಬೇಡವೆಂದು ತಲೆಯಾಡಿಸಿದರು. ಮಾಡುತ್ತಿದ್ದ ಕೆಲಸ ನಿಲ್ಲಿಸಿ ಕೇಳಿದರು:

"ಸ್ವಾಮಿ, ವೋಗಿದ್ ಬೆಳ್ಳು ಎಲ್ಲಿಂದ್ಲೋ ಬಂದು ನಂಗೋಸ್ಕರ ಒತ್ಬುಟ್ಟು ವೋಯ್ತಲ್ಲ. ಇವ್ರು ಬುಡಾಕಿಲ್ಲ ಅಂತ ಅದ್ಕೂ ಗೊತ್ತಿರ್ನಿಲ್ವಾ?"

ಮರುವರ್ಷವೇ ಅವರು ತೀರಿಕೊಂಡರು. ಆ ಹೆಬ್ಬೆಟ್ಟು ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ.