ನೀರಿನ ಮೇಲೆ ಕಳೆದ ಸೋಮವಾರ

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ನನ್ನ ಅತ್ತೆ ತೀರಿಕೊಂಡು ಬಹಳ ವರ್ಷವಾಯಿತು, ನಾನು ಇನ್ನೂ ಆಡುತ್ತೇನೆ.

ಎಪ್ಪತ್ತರ ದಶಕದಲ್ಲಿ ಬಾದಾಮಿಯಿಂದ ಇಳಕಲ್ಲಿಗೆ ಸೊಸೆಯಾಗಿ ಬಂದೆ. ಮೊದಲ ಶ್ರಾವಣ ಸೋಮವಾರ ಹೆಂಗಸರಿಗೆಲ್ಲ ಉಪವಾಸ, ಗಂಡಸರಿಗೆ ಎಂದಿನಂತೆ ಊಟ. ನಸುಕಿನಿಂದ ರೊಟ್ಟಿ ಬಡಿದಿದ್ದೆ. ಮಧ್ಯಾಹ್ನ ಚಟ್ನಿಗೆಂದು ಶೇಂಗಾ ಹುರಿಯುವಾಗ ಕಣ್ಣು ಕತ್ತಲೆ ಬಂತು. ಒಂದು ಹಿಡಿ ಬಾಯಿಗೆ ಹಾಕಿಕೊಳ್ಳಲು ಹೋದೆ. ಅತ್ತೆ ಮಣಿಕಟ್ಟು ಹಿಡಿದು ಪಡಸಾಲೆಗೆ ಎಳೆದೊಯ್ದರು, ಓಣಿಯ ಹೆಂಗಸರೆದುರು ನನ್ನ ಮುಷ್ಟಿ ಬಿಡಿಸಿ ತೋರಿಸಿದರು.

“ನೋಡ್ರಿವಾ, ಸೋಮವಾರ ದಿನಾ ಕದ್ದು ತಿನ್ನಾಕತ್ತಾಳ. ಇಕಿ ಅವ್ವ ಇದನ್ನ ಕಲಿಸಿ ಕಳಿಸ್ಯಾಳ. ಹೊಟ್ಟಿಬಾಕಿ.”

ನನ್ನೊಬ್ಬಳನ್ನೇ ಅಂದಿದ್ದರೆ ನುಂಗಿಕೊಳ್ಳುತ್ತಿದ್ದೆನೇನೋ. ಅವ್ವನನ್ನು ಯಾಕೆ ತರಬೇಕಿತ್ತು? ಹೊಟ್ಟಿಬಾಕಿ ಎಂಬ ಹೆಸರು ಓಣಿಗೆಲ್ಲ ಹಬ್ಬಿತು. ನಳದ ಹತ್ತಿರ ಕೊಡ ಹಿಡಿದು ನಿಂತರೆ ಹಿಂದಿನಿಂದ ಕೇಳಿಬರುತ್ತಿತ್ತು. ಎಲ್ಲರ ಊಟ ಮುಗಿದ ಮೇಲೆ ತಣ್ಣಗಾದ ರೊಟ್ಟಿಯನ್ನು ಅತ್ತೆಯೇ ನನ್ನ ತಾಟಿಗೆ ಹಾಕತೊಡಗಿದರು, ಸಾಕು ಅನ್ನುವ ಹಕ್ಕೂ ಅವರದೇ. ಆ ಹೆಸರನ್ನು ಅವರಿಗೇ ತಿರುಗಿಸಿ ಕೊಡದೆ ಬಿಡುವುದಿಲ್ಲ ಎಂದು ಹಲ್ಲು ಕಚ್ಚಿದೆ.

ಅತ್ತೆಯ ಉಪವಾಸವೆಂದರೆ ಓಣಿಯಲ್ಲಿ ಭಾರಿ ಹೆಸರು. ಹೆಂಗಸರು ಬಂದು ಕಾಲು ಮುಟ್ಟುತ್ತಿದ್ದರು. ಉಪವಾಸದವರು ತಿನ್ನಬಹುದಾದ ಫರಾಳದ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಬೆಳಿಗ್ಗೆ ಬೆಲ್ಲದ ಹಾಲು, ಆಮೇಲೆ ಬಾಳೆಹಣ್ಣು, ಮಧ್ಯಾಹ್ನ ಸಾಬೂದಾಣಿ ಖಿಚಡಿ, ಇಳಿಹೊತ್ತಿಗೆ ಶೇಂಗಾ ಉಂಡೆ, ನಡುನಡುವೆ ಖಜೂರ. ಹೊಸ ಸೊಸೆಗೆ ಮಾತ್ರ ಫರಾಳ ಇಲ್ಲ, ಅವಳು ಗಟ್ಟಿಯಾಗಬೇಕಂತೆ. ಅದೇ ಶೇಂಗಾ ಬೆಲ್ಲ ಸೇರಿ ಉಂಡೆಯಾದರೆ ಅವರಿಗೆ ವ್ರತ, ನನ್ನ ಹಿಡಿಯಲ್ಲಿದ್ದರೆ ಕಳವು.

ಹುಬ್ಬಳ್ಳಿಯಲ್ಲಿ ಡಾಕ್ಟರಿಕೆ ಓದುತ್ತಿದ್ದ ನನ್ನ ತಮ್ಮನನ್ನು ದೀಪಾವಳಿಗೆ ತವರಿನಲ್ಲಿ ಹಿಡಿದು ಕೂರಿಸಿದೆ. ಇಷ್ಟು ತಿಂದರೂ ಅತ್ತೆಗೆ ಉಪವಾಸದ ದಿನವೇ ಹಸಿವು, ಸಿಟ್ಟು ಎರಡೂ ಹೆಚ್ಚು, ಯಾಕೆ?

“ಮಿದುಳು ಸಕ್ಕರಿ ಮ್ಯಾಲ ನಡೀತೈತಿ ಅಕ್ಕಾ. ಬೆಲ್ಲ ತಿಂದ್ರ ರಕ್ತದಾಗ ಸಕ್ಕರಿ ಝಟ್ಟನ ಏರತೈತಿ, ಹಂಗ ಇಳೀತೈತಿ. ಇಳಿದ್ರ ಮತ್ತ ಬೇಡ್ತೈತಿ. ಏನೂ ಕೊಡ್ಲಿಲ್ಲಂದ್ರ, ಮೈಯಾಗಿನ ಕೊಬ್ಬಿನಿಂದ ಲಿವರ್ರು ಮಿದುಳಿಗೆ ಬ್ಯಾರೆ ಉರುವಲ ಮಾಡಿ ಕೊಡ್ತೈತಿ. ಅದಕ್ಕ ರೂಢಿ ಬೇಕು. ರೂಢಿ ಇಲ್ಲದಾಕಿಗೆ ಕಣ್ಣ ಕತ್ತಲಿ ಬಂದ್ರ ಅದು ಕಳ್ಳತನ ಅಲ್ಲ.”

“ಹಸಿವು?”

“ದಿನಾ ತಿನ್ನೋ ಹೊತ್ತಿಗೆ ಬಂದು ಕದಾ ಬಡೀತೈತಿ. ತಗೀಲಿಲ್ಲಂದ್ರ ತಾನ ಹೋಗ್ತೈತಿ.”

ನನಗೆ ಬೇಕಿದ್ದದ್ದು ಅಷ್ಟೇ. ಅಲ್ಲಿಂದ ಪ್ರತಿ ಸೋಮವಾರ ಬರೀ ನೀರಿನ ಮೇಲೆ ಇದ್ದು ರೂಢಿ ಮಾಡಿಕೊಂಡೆ. ಭಕ್ತಿಗಲ್ಲ, ಸೇಡಿಗೆ, ಅದು ಶಿವನಿಗೂ ಗೊತ್ತಿತ್ತು. ಮೊದಮೊದಲು ತಲೆ ಸಿಡಿಯಿತು, ಕೈ ನಡುಗಿತು. ಬರಬರುತ್ತ ಹಸಿವಿನ ಗುಣ ತಿಳಿಯಿತು. ರೊಟ್ಟಿಯ ಹೊತ್ತಿಗೆ ಬಂದು ಹೊಟ್ಟೆ ಹಿಂಡಿ ಹೋಗಿಬಿಡುತ್ತಿತ್ತು. ಇಳಿಹೊತ್ತಿಗೆ ತಲೆ ಎಷ್ಟು ತಿಳಿಯಾಗುತ್ತಿತ್ತೆಂದರೆ ಓಣಿಯ ಒಂದೊಂದು ಮಗ್ಗದ ಸದ್ದೂ ಬೇರೆ ಬೇರೆಯಾಗಿ ಕೇಳುತ್ತಿತ್ತು. ಮೂಗು ಚುರುಕಾಗಿ, ಮೂರನೆಯ ಮನೆಯ ಒಗ್ಗರಣೆ ನನ್ನ ಒಲೆಯ ಮೇಲೇ ಸಿಡಿದಂತಿರುತ್ತಿತ್ತು. ಆ ತಿಳಿ ತಲೆಯಲ್ಲೇ ನನ್ನ ಉಪಾಯವೂ ಹುಟ್ಟಿದ್ದು.

ಮರುವರ್ಷ ಶ್ರಾವಣ ಬಂತು. ಸೋಮವಾರದ ಹಿಂದಿನ ಸಂಜೆ ಹೆಂಗಸರು ಕೂತಿದ್ದಾಗ, ಅತ್ತೆ ಹೇಳದ ಮಾತನ್ನು ಅವರ ಪರವಾಗಿ ನಾನೇ ಹೇಳಿದೆ.

“ಈ ಸಲ ನಮ್ಮತ್ತಿ ಫರಾಳ ಬಿಟ್ಟು ಬರೇ ನೀರಿನ ಮ್ಯಾಲ ಇರ್ತಾರಂತ್ರಿ. ಅವರ ಪುಣ್ಯದಾಗ ನಾನೂ ಇರ್ತೇನಿ.”

ಹೆಂಗಸರು ಅತ್ತೆಗೆ ಕೈ ಮುಗಿದರು. ಅತ್ತೆ ನನ್ನನ್ನು ನುಂಗುವ ಹಾಗೆ ನೋಡಿದರು. ಇಲ್ಲವೆಂದರೆ ಹೆಸರು ಹೋಗುತ್ತದೆ, ಹೌದೆಂದರೆ ಖಿಚಡಿ ಹೋಗುತ್ತದೆ. “ಹೂಂ,” ಅಂದರು.

ಮರುದಿನ ಅವರ ಹೊಟ್ಟೆಯ ಗಡಿಯಾರವನ್ನು ನಾನೇ ಕಾದೆ. ಹಾಲಿನ ಹೊತ್ತಿಗೆ ಅವರೆದುರೇ ಓಣಿಯ ಮಕ್ಕಳಿಗೆ ಬೆಲ್ಲದ ಹಾಲು ಕೊಟ್ಟೆ. ಬಾಳೆಹಣ್ಣಿನ ಹೊತ್ತಿಗೆ ಹಣ್ಣು ಸುಲಿದೆ. ಖಿಚಡಿಯ ಹೊತ್ತಿಗೆ, ಉಪವಾಸದ ದರ್ಶನಕ್ಕೆಂದು ಹೆಂಗಸರು ಬಂದು ಪಡಸಾಲೆಯಲ್ಲಿ ಕೂತ ಮೇಲೆ, ಅಡುಗೆಮನೆಯಲ್ಲಿ ಹೊಗೆಯೆಂದು ನೆವ ಹೇಳಿ ಇದ್ದಿಲ ಒಲೆಯನ್ನು ಅಲ್ಲಿಗೇ ತಂದಿಟ್ಟೆ. ಚಟ್ನಿಗೆ ಶೇಂಗಾ ಹುರಿಯತೊಡಗಿದೆ. ಅವಸರವಿರಲಿಲ್ಲ, ಸಣ್ಣ ಉರಿಯಲ್ಲಿ ಹುರಿದೆ. ಸಿಪ್ಪೆ ಸಿಡಿದು ವಾಸನೆ ಎದ್ದಿತು. ಹುರಿದದ್ದನ್ನು ಅತ್ತೆಯ ಪಕ್ಕದಲ್ಲಿದ್ದ ಬುಟ್ಟಿಗೆ ಸುರಿದೆ. ನನ್ನ ಹಸಿವು ಆಗಲೇ ಬಂದು ಹೋಗಿತ್ತು. ಅತ್ತೆಯ ಗಂಟಲು ಏರಿ ಇಳಿಯುತ್ತಿತ್ತು, ಹಣೆ ಬೆವರಿತ್ತು. ಯಾರೋ ಏನೋ ಕೇಳಿದರೆ ಇನ್ನೇನೋ ಉತ್ತರ ಕೊಟ್ಟರು. ಆಮೇಲೆ ಅವರ ಕೈ ತಾನಾಗಿ ಬುಟ್ಟಿಗೆ ಹೋಯಿತು, ಸುಡುಸುಡುವ ಒಂದು ಹಿಡಿ ಬಾಯಿಗೆ ಬಿತ್ತು.

ಇನ್ನೊಂದು ಹಿಡಿ ತುಂಬಿಕೊಂಡಿದ್ದ ಆ ಮಣಿಕಟ್ಟನ್ನು ನಾನು ಮೆತ್ತಗೆ ಹಿಡಿದೆ. ಮುಷ್ಟಿ ಬಿಡಿಸಲಿಲ್ಲ.

“ತಿನ್ರಿ ಅತ್ತಿ, ನಾಚಬ್ಯಾಡ್ರಿ. ಹಸಿವು ಯಾರನ್ನೂ ಬಿಟ್ಟಿಲ್ಲ. ಇದರಾಗ ನಿಮ್ಮವ್ವಂದು ಏನೂ ತಪ್ಪಿಲ್ಲ.”

ಒಬ್ಬಾಕೆ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಸಂಜೆಯೊಳಗೆ ಹೊಟ್ಟಿಬಾಕಿ ಎಂಬ ಹೆಸರು ಮನೆಯೊಳಗೇ ಮಾಲೀಕರನ್ನು ಬದಲಿಸಿತ್ತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಅವರು ಮೂಲೆಯಲ್ಲಿ ಕೂತು ಅತ್ತರು. ನನಗೆ ಅಯ್ಯೋ ಅನ್ನಿಸಲಿಲ್ಲ, ಇವತ್ತಿಗೂ ಅನ್ನಿಸಿಲ್ಲ.

ಮರುದಿನ ಮಧ್ಯಾಹ್ನ, ಯಾರೂ ಇನ್ನೂ ಊಟಕ್ಕೆ ಕೂತಿರಲಿಲ್ಲ, ಅತ್ತೆ ಹಂಚಿನ ಮೇಲಿನ ಬಿಸಿ ರೊಟ್ಟಿ ತೆಗೆದು, ಮುಖ ನೋಡದೆ, ನನ್ನ ತಾಟಿಗೆ ಹಾಕಿದರು. ತಿಂದೆ. ತಾಟು ಮುಂದೆ ಚಾಚಿ ಇನ್ನೊಂದು ಕೇಳಿದೆ.