ಬಚ್ಚಲಿನ ಅಲೆಗಲ್ಲು

ರಾವೂರಿನ ಖಣಿಯಿಂದ ನೆಲಕ್ಕೆ ಹಾಸಲು ತಂದ ಪರಸಿ ಕಲ್ಲುಗಳಲ್ಲಿ ಮೈತುಂಬ ಅಲೆಅಲೆಯಾದ ಗೆರೆಗಳಿದ್ದ ಒರಟು ಕಲ್ಲೊಂದಿತ್ತು. ನನಗೆ ಟೈಲ್ಸ್ ಬೇಕಿತ್ತು, ಅವ್ವ ಕೇಳಬೇಕಲ್ಲ! ಕಾಲು ಜಾರುವುದಿಲ್ಲವೆಂದು ವಾಡಿಯ ನಮ್ಮ ಮನೆಯ ಬಚ್ಚಲಿಗೆ ಅದನ್ನೇ ಹಾಕಿಸಿದಳು.

ಮೊನ್ನೆ ಮೊಬೈಲಿನಲ್ಲಿ, ಲಾವಾದಿಂದಾದ ಕಡಲಡಿಯ ಪ್ರಸ್ಥಭೂಮಿಯೊಂದರ ವಿಡಿಯೋ ನೋಡುತ್ತಿದ್ದೆ. ಕಪ್ಪು ಬಂಡೆಗೆ ಹವಳ ಅಂಟಿಕೊಂಡಿತ್ತು; ಪಕ್ಕದ ಗೆರೆಗೆರೆ ಮರಳಿನ ಮೇಲೆ ನಕ್ಷತ್ರಮೀನು ತೆವಳುತ್ತಿತ್ತು. ಇಣುಕಿದ ಅವ್ವ, "ಏ, ಇದು ನಮ್ಮ ಬಚ್ಚಲದಾಗಿನ ಕಲ್ಲ ಅದ!" ಎಂದಳು.

ನಕ್ಕುಬಿಟ್ಟೆ. ಆದರೆ ಸುಳ್ಳೇನಲ್ಲವಲ್ಲ! ನಮ್ಮ ಪರಸಿಯೂ ಒಂದು ಕಾಲದ ಕಡಲ ತಳವೇ, ನಮ್ಮ ಕಡೆಯ ಚಿಂಚೋಳಿಯ ಕರಿಗಲ್ಲೂ ಆ ವಿಡಿಯೋದ ಬಂಡೆಯ ಹಾಗೆ ಲಾವಾ ಆರಿ ಆದದ್ದು ಎಂದು ವಿವರಿಸಿದೆ.

ಈಗ ಅವಳ ಸ್ನಾನದ ಹೊತ್ತಿಗೆ ಯಾರಾದರೂ ಬಂದರೆ ಬಚ್ಚಲಿನಿಂದಲೇ ಕೂಗುತ್ತಾಳೆ: "ಕುಂದ್ರಿ, ಸಮುದ್ರದಾಗ ಜಳಕ ಮಾಡಾಕತ್ತೀನಿ!"