ವಿಚಾರ ಮಾಡಿ ಹೇಳ್ತೇವ್ರಿ

ಬ್ಯಾಡಗಿ ನನ್ನನ್ನು ಸೀನಿನಿಂದ ಬರಮಾಡಿಕೊಂಡಿತು. ಸೀನು ಬಂದದ್ದು ಬಸ್ಸಿನೊಳಗೋ, ಇಳಿದ ಮೇಲೋ, ಈಗ ಖಚಿತವಿಲ್ಲ. ಆಗ ಸಂಕ್ರಾಂತಿ ಕಳೆದಿತ್ತು ಅಂದುಕೊಂಡಿದ್ದೇನೆ, ಅದೂ ತಪ್ಪಿರಬಹುದು. ನನ್ನ ನೆನಪು ಆಮೇಲೆ ಕೇಳಿದ್ದನ್ನೂ ತನ್ನದೇ ಎಂದು ಸೇರಿಸಿಕೊಳ್ಳುತ್ತದೆ. ಆದರೆ ಕೆಂಪು ಚೀಲಗಳ ನಡುವೆ ನಾನೊಬ್ಬಳೇ ಮೂಗು ಮುಚ್ಚಿಕೊಂಡು ನಿಂತಿದ್ದೆ, ಉಳಿದವರೆಲ್ಲ ಆರಾಮಾಗಿ ಚಹಾ ಕುಡಿಯುತ್ತಿದ್ದರು, ಇದಂತೂ ನಿಜ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದು ಊರಿನವರ ಹೆಮ್ಮೆ. ನನ್ನ ಮೂಗಿಗೆ ಅದನ್ನು ಯಾರೂ ಹೇಳಿರಲಿಲ್ಲ.

ಮೈಸೂರಿನಿಂದ ಇಲ್ಲಿನ ಕಾಲೇಜಿಗೆ ತರ್ಕಶಾಸ್ತ್ರ ಕಲಿಸಲು ಬಂದಿದ್ದೆ. ಮಗಳು ಸಿರಿಯನ್ನು ಅಕ್ಕನ ಮನೆಯಲ್ಲಿ ಬಿಟ್ಟಿದ್ದೆ. ಬೇಸಿಗೆ ರಜೆಯೊಳಗೆ ಮನೆ ಸಿಕ್ಕರೆ ಅವಳನ್ನು ಇಲ್ಲಿನ ಶಾಲೆಗೆ ಸೇರಿಸಬಹುದು. ಸಿಗದಿದ್ದರೆ ಇನ್ನೊಂದು ವರ್ಷ ಅವಳು ಅಲ್ಲಿ, ನಾನು ಇಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ.

ಮೆಣಸಿನಕಾಯಿ ವ್ಯಾಪಾರ ಮಾಡುವ ಇಮಾಮಸಾಬರ ಮನೆಯ ಮಹಡಿ ಖಾಲಿ ಇದೆ ಎಂದು ಕೇಳಿ ಹೋದೆ. ಎರಡು ಕೋಣೆ, ಗಾಳಿ, ಬೆಳಕು, ಎದುರಿಗೆ ದೊಡ್ಡ ಮಾಳಿಗೆ, ನಮ್ಮ ಕಡೆಯ ತಾರಸಿ. ಹಿಡಿಸಿತು. ಅವರ ಹೆಂಡತಿ ಖೈರುನಬಿ ಚಹಾ ಕೊಟ್ಟು, ಊರು, ಮನೆತನ, ಮಗಳ ವಯಸ್ಸು ಎಲ್ಲ ಕೇಳಿದರು. ಕೊನೆಗೆ ಇಮಾಮಸಾಬರು, “ಆಯ್ತ್ರಿ. ವಿಚಾರ ಮಾಡಿ ಹೇಳ್ತೇವ್ರಿ. ನೀವೂ ವಿಚಾರ ಮಾಡ್ರಿ,” ಎಂದರು.

ನಾನು ಮೆಟ್ಟಿಲಿಳಿಯುತ್ತಲೇ ಆ ಮನೆಯ ಆಸೆ ಬಿಟ್ಟೆ. ನಮ್ಮ ಕಡೆ “ಯೋಚನೆ ಮಾಡಿ ಹೇಳ್ತೀವಿ” ಅಂದರೆ ಇಲ್ಲ ಎಂದೇ ಅರ್ಥ, ಮನಸ್ಸು ನೋಯದ ಹಾಗೆ ಹೇಳುವ ರೀತಿ ಅಷ್ಟೇ. ಮತ್ತೆ ಹೋಗಿ ಕೇಳಿದರೆ ಮರ್ಯಾದೆ ಗೊತ್ತಿಲ್ಲದವರಾಗುತ್ತೇವೆ. ರಾಣೆಬೆನ್ನೂರಿನಲ್ಲಿ ಮನೆ ಮಾಡಿ ದಿನಾ ಬಸ್ಸಿನಲ್ಲಿ ಬಂದುಹೋದರೆ ಹೇಗೆ ಎಂದು ಹುಡುಕತೊಡಗಿದೆ.

ಹಲವು ದಿನಗಳಾದ ಮೇಲೆ ಕಾಯಿಪಲ್ಲೆ ಅಂಗಡಿಯ ಮುಂದೆ ಖೈರುನಬಿ ಸಿಕ್ಕರು.

“ಯಾಕ್ರಿ ಮೇಡಮ್ರ, ತಿರುಗಿ ಬರಲೇ ಇಲ್ಲ? ಬ್ಯಾರೇ ಮನೀ ಹಿಡಿದ್ರೇನು?”

“ನೀವು ಬೇಡ ಅಂದ್ರಲ್ಲ?”

“ಯಾವಾಗ ಅಂದ್ವ್ರಿ? ವಿಚಾರ ಮಾಡ್ತೇವಿ ಅಂದ್ವಿ. ಬ್ಯಾಡ ಅನ್ನೂದಾದ್ರ ಬ್ಯಾಡ ಅಂತೇವಿ, ಅದಕ್ಯಾಕ ವಿಚಾರ ಬೇಕು? ಕೇಳಾಕ ಬಂದವ್ರನ್ನೆಲ್ಲ ಕಳಿಸಿ, ಬೀಗ ಹಾಕ್ಕೊಂಡು ನಿಮ್ಮ ದಾರಿ ನೋಡಾಕತ್ತೇವಿ. ನಮ್ಮ ಮನಿಯವ್ರು, ಆ ಮೇಡಮ್ರಿಗೆ ನಮ್ಮ ಮನೀ ಸೇರಲಿಲ್ಲ ಕಾಣತೈತಿ ಅಂದು ಸಪ್ಪಗಾಗ್ಯಾರ.”

ಅಂದೇ ಸಂಜೆ ಹೋದೆ. ಖೈರುನಬಿ ನನ್ನನ್ನು ಕೋಣೆಗೆ ಕರೆಯಲಿಲ್ಲ, ಮಾಳಿಗೆಗೆ ಕರೆದೊಯ್ದರು. ಅಲ್ಲಿ ಕಾಲಿಡಲೂ ಜಾಗವಿಲ್ಲದಂತೆ ಮೆಣಸಿನಕಾಯಿ ಹರವಿತ್ತು. ಗೋಡೆಯ ನೆರಳಲ್ಲಿ ಒಂದಿಷ್ಟು ಸರಿಸಿ ಚಾಪೆ ಹಾಸಿ, “ಕುಂದ್ರಿ. ಚಹಾ ಇಲ್ಲೇ ಕುಡಿಯೂಣು,” ಎಂದರು. ಕುಳಿತು ಸೀನಿದೆ. ಕಣ್ಣೊರೆಸಿಕೊಂಡು ಮತ್ತೆ ಸೀನಿದೆ.

“ಇಷ್ಟಕ್ಕ ಹಿಂಗಾದ್ರ ಮೆಣಸಿನಕಾಯಿ ಪ್ಯಾಟಿ ದಿನ ಏನ್ ಮಾಡ್ತೀರಿ?” ಎಂದು ನಕ್ಕರು. ಆಮೇಲೆ ದನಿ ತಗ್ಗಿಸಿ, “ಹುಡುಗಿಗೆ ದಮ್ಮು ಗಿಮ್ಮು ಐತೇನ್ರಿ? ನೋಡ್ರಿ, ಸುಗ್ಗಿ ಮುಗಿಯೂತನಕ ಈ ಘಾಟು ಹಿಂಗ ಇರತೈತಿ. ಅದಕ್ಕ ನೀವೂ ವಿಚಾರ ಮಾಡ್ರಿ ಅಂದಿದ್ದು.”

ಇಮಾಮಸಾಬರು ಮೆಟ್ಟಿಲ ಮೇಲೆಯೇ ನಿಂತು ಕೇಳಿದರು, “ಮೇಡಮ್ರ, ನೀವು ಕಾಲೇಜಿನ್ಯಾಗ ಏನ್ ಕಲಸ್ತೀರಿ?”

“ತರ್ಕಶಾಸ್ತ್ರ. ಸರಿಯಾಗಿ ವಿಚಾರ ಮಾಡೋದು ಹೇಗೆ ಅಂತ.”

“ಅಯ್ಯ, ಅದಕ್ಕೂ ಪರೀಕ್ಷಾ ಇಡ್ತೀರೇನು! ನಾಪಾಸಾದವ್ರು ಏನ್ ಮಾಡ್ತಾರ?”

“ಮೆಣಸಿನಕಾಯಿ ವ್ಯಾಪಾರ,” ಎಂದರು ಖೈರುನಬಿ, ಗಂಡನ ಕಡೆ ನೋಡದೆ.

ಅಂದಿನಿಂದ ಈ ಪದದ ಬೆನ್ನು ಹತ್ತಿದ್ದೇನೆ. ಮೈಸೂರಿನಲ್ಲಿ ನಮಗೆ ವಿಚಾರ ಅಂದರೆ ಹೇಳಬೇಕಾದ ಸಂಗತಿ: “ಒಂದು ವಿಚಾರ ಇತ್ತು.” ವಿಶ್ವವಿದ್ಯಾಲಯದಲ್ಲಿ ಅದು ವಿಚಾರ ಸಂಕಿರಣ, ಅದಕ್ಕೆ ವೇದಿಕೆ, ಮೈಕು ಬೇಕಿತ್ತು. ತಲೆಯೊಳಗೆ ನಡೆಯುವುದಕ್ಕೆ ಯೋಚನೆ ಎನ್ನುತ್ತಿದ್ದೆವು. ಅದರಲ್ಲಿ ಚಿಂತೆಯೂ ಬೆರೆತಿರುತ್ತದೆ, ಹೆಚ್ಚಾಗಿ ಒಬ್ಬರೇ ಮಾಡುವಂಥದ್ದು. ಇಲ್ಲಿ ವಿಚಾರವನ್ನು ‘ಮಾಡುತ್ತಾರೆ’, ರೊಟ್ಟಿ ಮಾಡಿದ ಹಾಗೆ, ನಾಲ್ಕು ಜನ ಕೂತು. ಕೇಳಿ ಹೋದವರು ತಿರುಗಿ ಬಂದು ಕೂತಾಗಲೇ ಅದು ಮುಗಿಯುವುದು. ಒಂದೇ ಮನೆಯನ್ನು ನೋಡಿ ಇಡೀ ಸೀಮೆಯ ಬಗ್ಗೆ ತೀರ್ಮಾನಕ್ಕೆ ಬರಬಾರದೆಂದು ತರಗತಿಯಲ್ಲಿ ನಾನೇ ಹೇಳುತ್ತೇನೆ. ಆದರೂ ಆಮೇಲೆ ಹಾವೇರಿಯ ಸರಕಾರಿ ಕಚೇರಿಯೊಂದರಲ್ಲಿ “ವಿಚಾರ ಮಾಡೂಣ್ರಿ” ಅಂದಾಗ ನಾನು ಮರುವಾರ ಮತ್ತೆ ಹೋದೆ. ಅಲ್ಲಿ ಅವರಿಗೆ ನನ್ನ ಗುರುತೇ ಇರಲಿಲ್ಲ. ಹೀಗೂ ಆಗುತ್ತದೆ.

ಸಿರಿಗೆ ದಮ್ಮು, ಅಂದರೆ ಉಬ್ಬಸ, ಇಲ್ಲ. ವೈದ್ಯರನ್ನೂ ಕೇಳಿದೆ, ಅಡ್ಡಿಯಿಲ್ಲ ಎಂದರು. ಮಹಡಿಗೆ ಬಂದಿದ್ದೇನೆ. ಖೈರುನಬಿಯನ್ನು ಈಗ ಚಾಚಿ ಎನ್ನುತ್ತೇನೆ. ಅವರು ಮಗಳಿಗೆಂದು ಕಿಟಕಿಗೆ ಪರದೆ ಹೊಲಿಸಿದ್ದಾರೆ. ನನ್ನ ಮೈಸೂರಿನ “ಬನ್ನಿ, ಕೂತ್ಕೊಳ್ಳಿ” ಕೇಳಿದರೆ ಕಾಲೇಜಿನ ಹುಡುಗಿಯರು ಇನ್ನೂ ಮುಸಿಮುಸಿ ನಗುತ್ತಾರೆ.

ಅಕ್ಕನಿಗೆ ಫೋನ್ ಮಾಡಿ, “ಸಿರಿನ ಕಳಿಸೋದು ವಿಚಾರ ಮಾಡಿದ್ಯಾ?” ಎಂದೆ.

“ಇದೇನೇ ನಿನ್ನ ಭಾಷೆ! ಪೂರಾ ಆ ಕಡೆಯವಳೇ ಆಗೋದ್ಯಲ್ಲೇ,” ಎಂದು ನಕ್ಕಳು. ಮತ್ತೆ ಮೆಲ್ಲಗೆ, “ಮಗು ಇಲ್ಲಿ ಹೊಂದ್ಕೊಂಡಿದೆ ಕಣೇ. ನನ್ನ ಪಕ್ಕದಲ್ಲೇ ಮಲಗುತ್ತೆ. ಅಲ್ಲಿಗೆ ಬರಲ್ಲ ಅನ್ನುತ್ತೆ,” ಎಂದಳು.

ನಾನು ಕೇಳಿದೆ, “ಅಕ್ಕಾ, ಬರಲ್ಲ ಅಂತ ಅವಳೇ ಅಂದಳಾ, ಇಲ್ಲ ನಿನಗೆ ಕಳಿಸೋಕೆ ಆಗ್ತಿಲ್ವಾ?”

ಹಾಲು ಉಕ್ಕುತ್ತಿದೆ, ಆಮೇಲೆ ಮಾಡ್ತೀನಿ ಎಂದು ಫೋನಿಟ್ಟಳು. ಇನ್ನೂ ಮಾಡಿಲ್ಲ.